ಅದು ಟ್ರಾಫಿಕ್ ಜಾಮ್ ಅಲ್ಲ, ಹಕ್ಕಿನ ಜಗಳ

2016ರ ಏಪ್ರಿಲ್ 18 ಮತ್ತು 19. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳ ಸಾವಿರಾರು ಕಾರ್ಮಿಕರು ಹೊಸೂರು ರಸ್ತೆಗೆ ಇಳಿದರು. ಹೆಚ್ಚಿನವರು ಹೆಣ್ಣುಮಕ್ಕಳು. ಇಲ್ಲಿ ಅಮೆರಿಕದಲ್ಲಿ ಕೂತ ನನಗೆ ಬಂದ ವಾಟ್ಸಾಪ್ ಮೆಸೇಜುಗಳಲ್ಲಿ ಇದ್ದದ್ದು ಒಂದೇ ಗೋಳು: ಟ್ರಾಫಿಕ್ ಜಾಮ್!

ಅವರ ಸಿಟ್ಟು ಯಾಕೆ? ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಲು ಹೊರಟಿತ್ತು. ಕೆಲಸ ಬಿಟ್ಟರೂ ಮಾಲೀಕರು ಕಟ್ಟಿದ ಪಾಲು 58 ವರ್ಷ ಆಗೋವರೆಗೆ ಕೈಗೆ ಸಿಗಲ್ಲ ಅಂತ. "ಒಳ್ಳೇದೇ ಅಲ್ವಾ, ಮುಪ್ಪಿಗೆ ಆಗುತ್ತೆ, ನಮ್ಮ 401ಕೆ ಹಾಗೆ" ಅಂತೀರಾ? ಸ್ವಲ್ಪ ತಡೀರಿ. ನಮಗೆ ಅದರ ಜೊತೆ ಬೇರೆ ಉಳಿತಾಯವೂ ಇದೆ, ಕ್ರೆಡಿಟ್ ಕಾರ್ಡೂ ಇದೆ. ದಿನವಿಡೀ ಹೊಲಿಗೆ ಮೆಷಿನ್ ಮುಂದೆ ಬೆನ್ನು ಸವೆಸಿದವಳಿಗೆ ಸಿಗೋ ಇಡಿಗಂಟು ಅಂದ್ರೆ ಪಿಎಫ್ ಮಾತ್ರ. ಮಗಳ ಫೀಸು, ಆಸ್ಪತ್ರೆ, ಸಾಲ, ಎಲ್ಲಕ್ಕೂ ಅದೇ. 58ರವರೆಗೆ ಆ ಮೆಷಿನ್ ಮುಂದೆ ಎಷ್ಟು ಜನ ಉಳೀತಾರೆ?

ಯಾವ ದೊಡ್ಡ ಸಂಘಟನೆಯೂ ಕರೆ ಕೊಟ್ಟಿರಲಿಲ್ಲ. ಲಾಠಿ ಬೀಸಿತು, ಅಶ್ರುವಾಯು ಸಿಡಿಯಿತು. ಬಸ್ಸುಗಳಿಗೂ ಬೆಂಕಿ ಬಿತ್ತು. ಅದನ್ನು ನಾನು ಸಮರ್ಥಿಸಲ್ಲ. ಆದರೆ 19ರಂದೇ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಗೆದ್ದದ್ದು ಬರೀ ಹೊಲಿಗೆಯವರಲ್ಲ. ಆ ಜಾಮಿನಲ್ಲಿ ಕಾರೊಳಗೆ ಕೂತು ಬೈದುಕೊಂಡ ಐಟಿಯವರ ಪಿಎಫ್ ಕೂಡ ಉಳೀತು.

ಆದ್ದರಿಂದ "ಇವರಿಗೇನು ಕೆಲಸ, ರಸ್ತೆಗೆ ಇಳೀತಾರೆ" ಅನ್ನೋ ಫಾರ್ವರ್ಡ್ ಮುಂದಿನ ಸಲ ಬಂದರೆ ಸುಮ್ಮನಿರಬೇಡಿ. ಒಂದೇ ಸಾಲು ಬರೀರಿ: ಅವರು ಇಳಿದದ್ದಕ್ಕೇ ನಿಮ್ಮ ತಂಗಿಯ ದುಡ್ಡೂ ಉಳಿದದ್ದು.