ಮಾವನ ಕೈಯಲ್ಲಿ ಪ್ಲಾಸ್ಟಿಕ್ ದವಡೆ

ಗುಟ್ಕಾದಿಂದ ಬಾಯಿ ಕ್ಯಾನ್ಸರ್ ತಂದುಕೊಂಡ ಸೋದರಮಾವ ಚಿಕಿತ್ಸೆಗೆ ಹುಬ್ಬಳ್ಳಿಯಿಂದ ಪುಣೆಯ ನಮ್ಮ ಮನೆಗೆ ಬಂದಿದ್ದರು. ದವಡೆಯ ಒಂದು ಭಾಗ ತೆಗೆದು, ಕಾಲಿನ ಫಿಬುಲಾ ಎಲುಬಿನಿಂದ ಹೊಸದನ್ನು ಕಟ್ಟಬೇಕಿತ್ತು. ಸಿ.ಟಿ. ಸ್ಕ್ಯಾನ್‌ನಿಂದ ತ್ರೀಡಿ ಮಾದರಿ ಮಾಡಿದ ವೈದ್ಯರು, ಎಲುಬನ್ನು ಯಾವ ಕೋನದಲ್ಲಿ ಕತ್ತರಿಸಬೇಕೆಂದು ಪರದೆಯ ಮೇಲೆಯೇ ನಿರ್ಧರಿಸಿ, ಅದಕ್ಕೆ ತಕ್ಕ ಕಟಿಂಗ್ ಗೈಡ್ ಪ್ರಿಂಟ್ ಮಾಡಿಸಿದರು. ಮರಾಠಿ ಬಾರದ ಮಾವ, ಪ್ಲಾಸ್ಟಿಕ್ ದವಡೆಯನ್ನು ತಿರುಗಿಸಿ ನೋಡಿ, ‘ಇಷ್ಟ ಹೋಗೂದು ಏನಪಾ?’ ಎಂದು ಕೇಳಿದರು. ಅಂದು ಹೊಟ್ಟೆತುಂಬ ಉಂಡರು.

1989ರಲ್ಲಿ ಡಾ. ಡೇವಿಡ್ ಹಿಡಾಲ್ಗೊ ಫಿಬುಲಾದಿಂದ ದವಡೆ ಕಟ್ಟುವ ವಿಧಾನ ಪ್ರಕಟಿಸಿದಾಗ ಈ ಅನುಕೂಲ ಇರಲಿಲ್ಲ. ಈಗ ಇದೆ. ಆದರೆ ಯೋಜನೆ ಬೇರೆ ಊರಿನಲ್ಲಿ ತಯಾರಾಗಿ ಗೈಡ್ ಬರುವುದು ತಡವಾದರೆ ಗಡ್ಡೆ ಬೆಳೆದುಬಿಡಬಹುದು. ಆಗ ಗೈಡ್ ಉಪಯೋಗಕ್ಕೆ ಬರುವುದಿಲ್ಲ, ವೈದ್ಯರ ಅನುಭವವೇ ಗತಿ.

ಅದಕ್ಕೇ ನನ್ನ ವಾದ: ಈ ಯೋಜನಾ ಕೆಲಸ ಆಸ್ಪತ್ರೆಯೊಳಗೇ ನಡೆಯಬೇಕು, ನಮ್ಮ ಸರ್ಕಾರಿ ದಂತ ಕಾಲೇಜುಗಳಲ್ಲೂ. ಪ್ರಿಂಟರ್ ಕೊಂಡರೆ ಸಾಲದು. ಅದರ ಮುಂದೆ ಕೂರಲು ತರಬೇತಾದ ಎಂಜಿನಿಯರ್‌ಗೆ ಕಾಯಂ ಹುದ್ದೆ ಬೇಕು. ಅಂಥ ಹುದ್ದೆ ಊರಲ್ಲಿದ್ದರೆ ನಮ್ಮಲ್ಲಿ ಕೆಲವರಾದರೂ ಮರಳಿ ಹೋದೇವು.