ನೆಲ ಬಿಡದವರು ನುಡಿ ಬಿಟ್ಟೇವೆ?

ಬರೆಯುವವರ ಅನ್ನಕ್ಕೆ ಯಂತ್ರ ಕೈ ಹಾಕಿದೆ. ಕಥೆ ಬೇಕೆ? ಬರೆದುಕೊಡುತ್ತದೆ. ಹಾಡು ಬೇಕೆ? ರಾಗ ಹಾಕಿ ಹಾಡಿಯೂ ಕೊಡುತ್ತದೆ. 2025ರಲ್ಲಿ ‘ಲವ್ ಯೂ’ ಎಂಬ ಕನ್ನಡ ಸಿನಿಮಾವನ್ನೇ ಕೃತಕ ಬುದ್ಧಿಯಿಂದ ಮಾಡಿ ತೆರೆಗೆ ತಂದರು. ನಟನಟಿಯರಿಲ್ಲ, ಕ್ಯಾಮರಾ ಹಿಡಿಯುವವರಿಲ್ಲ, ಖರ್ಚು ಬರೀ 10 ಲಕ್ಷ ಅಂತ ಡಂಗುರ ಸಾರಿದರು. ಖರ್ಚು ಉಳೀತು ಅಂದರೆ ಯಾರದೋ ಕೂಲಿ ಹೋಯ್ತು ಅಂತ ಅರ್ಥ. ಆ ಲೆಕ್ಕ ಬರೆಯೋರು ಯಾರು?

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಕೂತು ಬರೆಯುತ್ತಿರುವ ನಮಗೆ ಇದು ದೂರದ ಸುದ್ದಿಯಲ್ಲ. ಬೀದಿನಾಟಕಕ್ಕೆ ಹಾಡು ಕಟ್ಟಿ, ಕರಪತ್ರ ತಿದ್ದಿ, ಇಂಗ್ಲಿಷ್ ಪ್ರಕಟಣೆಗಳನ್ನು ಕನ್ನಡಕ್ಕೆ ತಂದು ನಾಲ್ಕು ಕಾಸು ಕಾಣುತ್ತಿದ್ದ ಹುಡುಗ ಹುಡುಗಿಯರು ನಮ್ಮೊಳಗಿದ್ದಾರೆ. “ಈ ಸಲ ಬೇಡ ಕಣಪ್ಪ, ಫೋನೇ ಬರ್ಕೊಡ್ತು” ಅಂತ ಅವರನ್ನು ಬಾಗಿಲಲ್ಲೇ ಸಾಗಹಾಕುತ್ತಾರೆ. ತಾತ ಜೀತ ಮಾಡಿದ. ಅಪ್ಪ ಕೂಲಿ ಮಾಡಿ ಮಗಳಿಗೆ ಅಕ್ಷರ ಕಲಿಸಿದ. ಅಕ್ಷರದಿಂದ ಅನ್ನ ಹುಟ್ಟುವ ಹೊತ್ತಿಗೆ ಅಕ್ಷರವೇ ಪುಕ್ಕಟೆ ಆಗಿಹೋಯ್ತು!

ಯಂತ್ರದ ಕೆಲಸ ಅಷ್ಟು ಚೊಕ್ಕವೆ? 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಕಡೆಯಿಂದ ಕನ್ನಡದಲ್ಲಿ ಬಂದ ಸಂತಾಪದ ಮಾತನ್ನು ಮೆಟಾ ಕಂಪನಿಯ ಯಂತ್ರ ಇಂಗ್ಲಿಷಿಗೆ ತಿರುಗಿಸಿತು. ಹೇಗೆ? ಸಿದ್ದರಾಮಯ್ಯನವರೇ ತೀರಿಕೊಂಡರು ಅಂತ! ಕಂಪನಿ ಕ್ಷಮೆ ಕೇಳಿ ಕೈತೊಳೆದುಕೊಂಡಿತು. ನಮ್ಮ ಹುಡುಗ ಇಂಥ ತಪ್ಪು ಮಾಡಿದ್ದರೆ ಇನ್ನೊಂದು ಸಲ ಕರೆಯುತ್ತಿದ್ದರೆ? ಯಂತ್ರ ತಪ್ಪು ಮಾಡಿದರೆ ಮಾತ್ರ “ಪಾಪ, ಇನ್ನೂ ಕಲೀತಾ ಇದೆ” ಅಂತಾರೆ.

ನೀವು ಪ್ರಗತಿಯ ವಿರೋಧಿಗಳು ಎಂದು ಕೆಲವರು ನಮ್ಮ ಮೇಲೆ ಬೀಳುತ್ತಾರೆ. ಅಲ್ಲ ಸ್ವಾಮಿ. ಓದು ಬಾರದ ಅಜ್ಜಿಗೆ ಪಿಂಚಣಿ ಅರ್ಜಿ ಬರೆದುಕೊಟ್ಟರೆ ಬರೆಯಲಿ, ಬೇಡ ಅನ್ನೋರು ನಾವಲ್ಲ. ಟ್ರಾಕ್ಟರು ಬಂದಾಗ ಎತ್ತು ಹೋಯ್ತು, ಆಳೂ ಹೋದ. ಆದರೆ ಟ್ರಾಕ್ಟರು ನಮ್ಮ ಕಣಜದ ರಾಗಿ ಕದ್ದು ಹೊಟ್ಟೆ ಹೊರೆಯಲಿಲ್ಲ. ಈ ಯಂತ್ರ ಹೊರೆಯುತ್ತದೆ. ಅದರ ಹೊಟ್ಟೆಯಲ್ಲಿರುವುದೆಲ್ಲ ಮನುಷ್ಯರು ಬರೆದದ್ದು, ಹಾಡಿದ್ದು, ಅತ್ತದ್ದು. ಅಮೆರಿಕದ ಆಂಥ್ರೊಪಿಕ್ ಕಂಪನಿ ಕಳ್ಳಪ್ರತಿಗಳ ತಾಣಗಳಿಂದ ಲಕ್ಷಗಟ್ಟಲೆ ಪುಸ್ತಕ ಇಳಿಸಿಕೊಂಡಿತು. ಲೇಖಕರು ಕೋರ್ಟಿಗೆಳೆದರು. 2025ರಲ್ಲಿ 150 ಕೋಟಿ ಡಾಲರಿಗೆ ರಾಜಿಯಾಯಿತು, ಪುಸ್ತಕವೊಂದಕ್ಕೆ ಸುಮಾರು 3,000 ಡಾಲರ್. ಯಾವ ಪುಸ್ತಕಕ್ಕೆ? ಅಮೆರಿಕದ ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಿದ್ದಕ್ಕೆ ಮಾತ್ರ. ಸಾಲ ಮಾಡಿ 500 ಪ್ರತಿ ಅಚ್ಚು ಹಾಕಿಸಿ, ಹೆಗಲ ಚೀಲದಲ್ಲಿ ಹೊತ್ತು ಮಾರಿದ ನಮ್ಮ ಕವಿಯ ಪುಸ್ತಕ ಅಲ್ಲಿ ನೋಂದಣಿಯಾಗಿದೆಯೆ?

ಇನ್ನು ಅದು ತಿಂದದ್ದಾದರೂ ಏನು? 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಅದಕ್ಕೆ ಅವರ ಮಂತ್ರಿಗಿರಿ ಹೋಯಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಈಗ ಇಡೀ ಲೋಕದ ಬೂಸಾ ಯಂತ್ರದ ಗೋದಲಿಗೆ ಬಿದ್ದಿದೆ. ಹಾಲು ಎಂಥದ್ದು ಬಂದೀತು? 2025ರ ಅಕ್ಟೋಬರಿನಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ ಓಪನ್‌ಎಐ ಕಂಪನಿಯ ಜಿಪಿಟಿ-5 ಯಂತ್ರವನ್ನು ಒರೆಗೆ ಹಚ್ಚಿತು. ಬಿಟ್ಟ ಜಾಗ ತುಂಬು ಅಂದರೆ ಚರಂಡಿ ಬಳಿಯುವವನು ದಲಿತ, ಜಾಣ ಬ್ರಾಹ್ಮಣ! ಕೇಳಿದ್ದರಲ್ಲಿ ನೂರಕ್ಕೆ 76ರಷ್ಟು ಕಡೆ ಅದೇ ಹಳೇ ಮನುವಿನ ಉತ್ತರ. ಬೆಂಗಳೂರಿನಲ್ಲಿರುವ ದಲಿತ ಸಂಶೋಧಕರೊಬ್ಬರು ತಮ್ಮ ಅರ್ಜಿಯ ಇಂಗ್ಲಿಷ್ ತಿದ್ದಲು ಕೊಟ್ಟರೆ, ಅದು ಅವರ ಹೆಸರನ್ನೇ ತಿದ್ದಿ ‘ಶರ್ಮಾ’ ಮಾಡಿತು. ನಾಳೆ ನಮ್ಮ ಕೇರಿಯ ಕಥೆ ಬರೆಯುವುದು ಇದೇ ಶರ್ಮಾ ಯಂತ್ರವೆ? ನಮ್ಮ ಬದುಕಿನ ಬಗ್ಗೆ ಬೇರೆಯವರು ಬರೆದದ್ದು ಸಾಕು, ನಾವೇ ಬರೀತೀವಿ ಅಂತ ಎದ್ದು ನಿಂತ ಚಳವಳಿ ಇದು. ಆ ಪೆನ್ನನ್ನು ಯಂತ್ರಕ್ಕೆ ಕೊಟ್ಟು ಕೂರಬೇಕೆ?

ಈಗ ದೆಹಲಿಯ ಸಂಗತಿ. 2025ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಸಮಿತಿಯೊಂದು ಒಂದು ಸಲಹೆ ಮುಂದಿಟ್ಟಿತು. ಕಾನೂನುಬದ್ಧವಾಗಿ ಕೈಗೆ ಸಿಕ್ಕುವ ಬರಹ, ಹಾಡುಗಳನ್ನೆಲ್ಲ ಕಂಪನಿಗಳು ಯಂತ್ರಕ್ಕೆ ಕಲಿಸಬಹುದು. ಬರೆದವರಿಗೆ ಗೌರವಧನ ಉಂಟು, ಬೇಡ ಅನ್ನುವ ಹಕ್ಕು ಮಾತ್ರ ಇಲ್ಲ. ಗೆಳೆಯರೇ, ಇದನ್ನು ಓದಿದರೆ ನಲ್ಲೂರಿನವರಿಗೆ ಏನು ನೆನಪಾಗಬೇಕು ಹೇಳಿ? ನಲ್ಲೂರೂ ಸೇರಿದಂತೆ ಚನ್ನರಾಯಪಟ್ಟಣ ಹೋಬಳಿ ಭಾಗದ 13 ಹಳ್ಳಿಗಳ 1,777 ಎಕರೆಗೆ 2022ರಲ್ಲಿ ಬಂದ ನೋಟೀಸು! ಅಲ್ಲೂ ಇದೇ ಮಾತು. ಪರಿಹಾರ ತಗೊಳ್ಳಿ, ಬೇಡ ಅನ್ನಬೇಡಿ. ರೈತರು ಬೇಡ ಅಂದೇ ಅಂದರು. ಮೂರು ವರ್ಷಕ್ಕೂ ಹೆಚ್ಚು ಕಾಲ ಅಂದರು. 2025ರ ಜುಲೈ 15ರಂದು ಸರ್ಕಾರ ಆ ಭೂಸ್ವಾಧೀನ ಕೈಬಿಟ್ಟಿತು. ನೆಲಕ್ಕೆ ಒಂದು ನ್ಯಾಯ, ನುಡಿಗೆ ಒಂದು ನ್ಯಾಯವೆ?

ನೆಲಕ್ಕಾದರೂ ಪಹಣಿ ಇತ್ತು. ಮಂಟೇಸ್ವಾಮಿಯ, ಮಾದಪ್ಪನ ಕಥೆಗಳನ್ನು ಬಾಯಲ್ಲೇ ಹೊತ್ತು ತಂದ ನೀಲಗಾರರಿಗೆ, ಕಂಸಾಳೆಯವರಿಗೆ ಯಾವ ಪಹಣಿ ಇದೆ? ಗೌರವಧನ ಹಂಚುವ ದಿನ ಅವರ ಪಾಲು ಯಾರ ಕೈ ಸೇರುತ್ತದೆ?

ಆದ್ದರಿಂದ ನಾವು ಹೇಳುವುದಿಷ್ಟು. ಬರಹವನ್ನು ಕೇಳಿ ತಗೊಳ್ಳಿ, ಬೇಡ ಅಂದರೆ ಬಿಡಿ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಜಾಥಾ, ಬೀದಿನಾಟಕ, ಅನುವಾದದ ಕೆಲಸ ಮನುಷ್ಯರಿಗೇ ಸಿಗಬೇಕು, ಅವರ ಹೆಸರಿನಲ್ಲೇ ಸಿಗಬೇಕು. ಯಂತ್ರ ಬರೆದದ್ದರ ಮೇಲೆ ಯಂತ್ರ ಬರೆದದ್ದು ಅಂತಲೇ ಅಚ್ಚಾಗಬೇಕು. ನಮ್ಮ ಬರಹಗಾರರಿಗೂ ಒಂದು ಮಾತು. ಅವ್ವನ ನೋವನ್ನು ಯಂತ್ರದ ಕೈಲಿ ಬರೆಸಿ ಕೆಳಗೆ ನಿಮ್ಮ ಹೆಸರು ಹಾಕಬೇಡಿ. ಅವ್ವ ಅಷ್ಟು ಅಗ್ಗವಲ್ಲ.

2023ರಲ್ಲಿ ಹಾಲಿವುಡ್ಡಿನ ಚಿತ್ರಕಥೆಗಾರರು 148 ದಿನ ಮುಷ್ಕರ ಹೂಡಿ, ಯಂತ್ರ ಲೇಖಕನಲ್ಲ ಅಂತ ಒಪ್ಪಂದದಲ್ಲೇ ಬರೆಸಿಕೊಂಡರು. ಅವರಿಗೆ ಸಂಘವಿತ್ತು. ಇಲ್ಲಿ ಹಾಡು ಕಟ್ಟುವ ಹುಡುಗಿಗೆ ಯಾವ ಸಂಘವಿದೆ? ಕಟ್ಟೋಣ. ತಮಟೆಯವರು, ನಾಟಕದವರು, ಅನುವಾದದವರು, ಕವಿಗಳು ಒಂದೇ ಜಗಲಿಯಲ್ಲಿ ಕೂರೋಣ. ಯಂತ್ರಕ್ಕೆ ಹಸಿವಿಲ್ಲ, ಅವಮಾನವಿಲ್ಲ, ಅದರ ಜೊತೆ ನಮಗೆ ಜಗಳವೂ ಇಲ್ಲ. ಜಗಳ ಅದರ ಯಜಮಾನನ ಜೊತೆ. ಅವನ ಕೊರಳಪಟ್ಟಿ ಹಿಡಿದು ಕೇಳೋಣ: ಯಾರನ್ನ ಕೇಳಿ ತಗೊಂಡೆ?