ಕಾರು ಕೊಳ್ಳೋವಾಗ ನಮಗ್ಯಾಕೆ ನಾಚಿಕೆ?

ಪೋಸ್ಟ್ ಉದ್ದ ಇದೆ. ಕಾರು ತಗೊಳ್ಳೋ ಯೋಚನೆಯಲ್ಲಿರೋರು, ಈಗಾಗಲೇ ತಗೊಂಡು ಇಎಂಐ ಕಟ್ತಿರೋರು, ಅಣ್ಣನಿಗೋ ಭಾವನಿಗೋ ಶ್ಯೂರಿಟಿ ಹಾಕಿರೋರು ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ.

ಹೋದ ವಾರ ನಮ್ಮ ಗ್ರೂಪಿನಲ್ಲಿ ಒಬ್ಬ ತಮ್ಮ ಹೊಸ ಕಾರಿನ ಫೋಟೊ ಹಾಕಿದ್ದ. ಬಾನೆಟ್ ಮೇಲೆ ಹಾರ, ಡ್ಯಾಶ್‌ಬೋರ್ಡ್ ಮೇಲೆ ಬಾಬಾಸಾಹೇಬರ ಚಿಕ್ಕ ಪ್ರತಿಮೆ, ಪಕ್ಕದಲ್ಲಿ ಅವ್ವ. ಅವರ ಮನೆಗೆ ನಾಲ್ಕು ಚಕ್ರದ್ದು ಅಂತ ಬಂದಿದ್ದು ಅದೇ ಮೊದಲು. ಎಲ್ಲರೂ ಅಭಿನಂದನೆ ಹೇಳಿದರು, ನಾನೂ ಹೇಳಿದೆ. ಆಮೇಲೆ ಫೋನ್ ಮಾಡಿ "ಎಷ್ಟು ಬಿಟ್ರು?" ಅಂದೆ. "ಏನ್ ಬಿಡೋದಣ್ಣ, ಅವ್ರು ಹೇಳಿದ್ದು ಕೊಟ್ಟೆ." "ಕೇಳ್ಲೇ ಇಲ್ವಾ?" "ನಾಚ್ಕೆ ಆಯ್ತಣ್ಣ. ಕಾಸಿಲ್ದೆ ಬಂದವ್ನೆ ಅಂದ್ಕೊಂಡ್‌ಬಿಟ್ರೆ?"

ಈ ಒಂದು ಮಾತಿಗೋಸ್ಕರ ಈ ಪೋಸ್ಟ್.

ಸಂತೆಯಲ್ಲಿ ಒಂದು ಕಟ್ಟು ಕೊತ್ತಂಬರಿಗೆ ಎರಡು ರೂಪಾಯಿ ಬಿಡಿಸದೆ ಮುಂದಕ್ಕೆ ಹೋಗದ ಅವ್ವಂದಿರ ಮಕ್ಕಳು ನಾವು. ಎಂಟು ಲಕ್ಷದ ಕಾರಿನ ಮುಂದೆ ಮಾತ್ರ ಬಾಯಿಗೆ ಬೀಗ. ಅದೇ ಶೋರೂಮಿಗೆ ತೋಟ, ಕಲ್ಯಾಣಮಂಟಪ, ಪೆಟ್ರೋಲ್ ಬಂಕ್ ಇರೋ ಮನೆಯ ಹುಡುಗ ಬಂದರೆ ಒಂದು ಗಂಟೆ ಕೂತು ಬೆಲೆಯನ್ನೂ ಇಳಿಸ್ತಾನೆ, ಸೀಟ್ ಕವರನ್ನೂ ಬಿಟ್ಟಿ ಹಾಕಿಸ್ಕೊಂಡು ಹೋಗ್ತಾನೆ. ಅವನನ್ನ ಯಾರೂ ಗತಿ ಇಲ್ಲದವ್ನು ಅನ್ನಲ್ಲ, ವ್ಯವಹಾರಸ್ಥ ಅಂತಾರೆ. ನಮ್ಮವನು ಅದೇ ಪ್ರಶ್ನೆ ಕೇಳಿದರೆ ಅವನ ಚಪ್ಪಲಿ ನೋಡ್ತಾರೆ. ಇದು ನಮ್ಮ ಹುಡುಗನಿಗೆ ಗೊತ್ತು. ಅದಕ್ಕೇ ಅವನು ಕೇಳಲ್ಲ. ಕಾರಿನ ಜೊತೆ ಮರ್ಯಾದೆಯನ್ನೂ ಕೊಳ್ತಾ ಇದ್ದಾನೆ, ಡೀಲರ್ ಅದಕ್ಕೂ ಸೇರಿಸಿ ಬಿಲ್ ಮಾಡ್ತಾನೆ.

"ಎಲ್ಲದರಲ್ಲೂ ಜಾತಿ ಹುಡುಕ್ತೀರಲ್ಲ ಸಾರ್, ಕಾರಿನ ಬೆಲೆ ಎಲ್ಲರಿಗೂ ಒಂದೇ" ಅನ್ನೋ ಕಾಮೆಂಟ್ ಬರುತ್ತೆ ಅಂತ ಗೊತ್ತು. ಮೊದಲೇ ಉತ್ತರ ಕೊಡ್ತೀನಿ. ಅಮೆರಿಕದಲ್ಲಿ ಇಯಾನ್ ಏರ್ಸ್ ಮತ್ತು ಪೀಟರ್ ಸೀಗಲ್‌ಮನ್ ಅನ್ನೋ ಇಬ್ಬರು ಶಿಕಾಗೊ ಸುತ್ತಮುತ್ತಲ ಹೊಸ ಕಾರಿನ ಡೀಲರುಗಳ ಹತ್ತಿರ ಗಿರಾಕಿಗಳ ವೇಷದಲ್ಲಿ ಜನ ಕಳಿಸಿದರು. ಎಲ್ಲರಿಗೂ ಒಂದೇ ಥರ ಮಾತಾಡೋಕೆ, ಒಂದೇ ಥರ ಚೌಕಾಸಿ ಮಾಡೋಕೆ ತರಬೇತಿ ಕೊಟ್ಟಿದ್ದರು. 1995ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಪ್ಪು ಗಂಡಸರಿಗೆ ಸಿಕ್ಕ ಕೊನೆಯ ಬೆಲೆ ಬಿಳಿ ಗಂಡಸರಿಗೆ ಸಿಕ್ಕ ಬೆಲೆಗಿಂತ ಸರಾಸರಿ ಸಾವಿರ ಡಾಲರಿಗೂ ಮೇಲಿತ್ತು. ಮಾತು ಒಂದೇ, ಕಾರು ಒಂದೇ, ಚರ್ಮ ಬೇರೆ. ನಮ್ಮಲ್ಲಿ ಚರ್ಮ ನೋಡಿದರೆ ಗೊತ್ತಾಗಲ್ಲ, ಅದಕ್ಕೇ "ಯಾವೂರು ಸಾರ್? ಊರಲ್ಲಿ ಯಾರ ಪೈಕಿ?" ಅಂತ ಕಾಫಿ ಕೊಡ್ತಾ ಕೇಳ್ತಾರೆ.

ನಾನು ಕಣ್ಣಾರೆ ನೋಡಿದ್ದು ಒಂದು. ನಮ್ಮ ಜಿಲ್ಲೆಯ ಒಂದು ಶೋರೂಮು, ಹೆಸರು ಬೇಡ. ಒಂದೇ ವಾರ, ಒಂದೇ ಮಾಡೆಲ್, ಒಂದೇ ಬಣ್ಣ. ನನ್ನ ಜೊತೆ ಬಂದಿದ್ದ ಹುಡುಗನಿಗೆ ಕೊಟ್ಟ ಕೊಟೇಷನ್‌ಗೂ ನನ್ನ ಸಹೋದ್ಯೋಗಿ, ಹೆಸರಲ್ಲೇ ಜಾತಿ ಇರೋ ಮೇಷ್ಟ್ರಿಗೆ ಕೊಟ್ಟ ಕೊಟೇಷನ್‌ಗೂ 34 ಸಾವಿರ ವ್ಯತ್ಯಾಸ. ಇದು ಜಾತಿಯಿಂದಲೇ ಆಗಿದ್ದು ಅಂತ ಕೋರ್ಟಿನಲ್ಲಿ ಸಾಬೀತು ಮಾಡು ಅಂದರೆ ನನ್ನ ಕೈಲಿ ಆಗಲ್ಲ. "ಆಫರ್ ಮುಗೀತು", "ಸ್ಟಾಕ್ ಬೇರೆ", "ಅವ್ರು ಕಾರ್ಪೊರೇಟ್ ಕೆಟಗರಿ" ಅಂತ ನೂರು ಕಾರಣ ಇರ್ತವೆ. ಬರೆದಿಟ್ಟ ಬೆಲೆ ಇಲ್ಲದ ಕಡೆ ಜಾತಿಗೆ ಅಡಗಿ ಕೂರೋಕೆ ಎಷ್ಟು ಬೇಕಾದರೂ ಜಾಗ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿರೋದನ್ನ ನೆನಪು ಮಾಡ್ಕೊಳ್ಳಿ. 1901. ಹುಡುಗ ಭೀಮ, ಅಣ್ಣ, ಅಕ್ಕನ ಮಗ ತಂದೆ ಕೆಲಸದಲ್ಲಿದ್ದ ಊರಿಗೆ ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳೀತಾರೆ. ಮಹಾರರ ಮಕ್ಕಳು ಅಂತ ಗೊತ್ತಾದ ಮೇಲೆ ಯಾವ ಗಾಡಿಯವನೂ ಹತ್ತಿಸ್ಕೊಳ್ಳಲ್ಲ. ಕೊನೆಗೆ ಆದ ಒಪ್ಪಂದ ಏನು? ಬಾಡಿಗೆ ಡಬಲ್ ಕೊಡಬೇಕು, ಗಾಡಿಯನ್ನ ಮಕ್ಕಳೇ ಹೊಡ್ಕೋಬೇಕು, ಗಾಡಿಯವನು ಪಕ್ಕದಲ್ಲಿ ನಡ್ಕೊಂಡು ಬರ್ತಾನೆ. ಆ ಡಬಲ್ ಬಾಡಿಗೆ ಇನ್ನೂ ನಿಂತಿಲ್ಲ ಅಂತ ನಾನು ಹೇಳ್ತಿರೋದು. ಈಗ ಅದಕ್ಕೆ ಹ್ಯಾಂಡ್ಲಿಂಗ್ ಚಾರ್ಜ್, ಎಸೆನ್ಷಿಯಲ್ ಕಿಟ್ ಅಂತ ಹೆಸರು.

ಸ್ವಲ್ಪ ಲೆಕ್ಕಕ್ಕೆ ಬರೋಣ. ಎಕ್ಸ್-ಶೋರೂಮ್ 8 ಲಕ್ಷದ ಪೆಟ್ರೋಲ್ ಕಾರು ಅಂದ್ಕೊಳ್ಳಿ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಕಾರಿಗೆ ಜೀವಾವಧಿ ತೆರಿಗೆ ಶೇ 14. ಅಂದರೆ 1,12,000. ಆ ತೆರಿಗೆಯ ಮೇಲೆ ಶೇ 11 ಸೆಸ್, ಇನ್ನೊಂದು 12,320. ಒಟ್ಟು ಸವಾ ಲಕ್ಷದ ಹತ್ತಿರ. ಇದು ಸರ್ಕಾರಕ್ಕೆ ಹೋಗೋದು, ಇಲ್ಲಿ ಯಾರೂ ಬಿಡಲ್ಲ. ನೋಂದಣಿ ಶುಲ್ಕ 600, ಸಾಲ ಇದ್ದರೆ ಹೈಪೋಥಿಕೇಷನ್‌ಗೆ 1,500. ಇವಕ್ಕೆಲ್ಲ ಸರ್ಕಾರಿ ರಸೀದಿ ಬರುತ್ತೆ, ಕೇಳಿ ಇಸ್ಕೊಳ್ಳಿ. ರಸೀದಿ ಬರದೇ ಇರೋ ಸಾಲುಗಳ ಮೇಲೆ ಬೆರಳಿಡಿ. ಲಾಜಿಸ್ಟಿಕ್ಸ್, ಹ್ಯಾಂಡ್ಲಿಂಗ್, ಆರ್‌ಟಿಒ ಖರ್ಚು ಅಂತ ರೌಂಡ್ ಫಿಗರಿನಲ್ಲಿ ಬರೆದಿರ್ತಾರೆ. ಮ್ಯಾಟು, ಮಡ್‌ಫ್ಲ್ಯಾಪು, ಕಾರ್ ಕವರ್ ಸೇರಿಸಿ ಕಿಟ್ ಅಂತ ಇನ್ನೊಂದು ಸಾಲು.

ದೊಡ್ಡ ಹೊಡೆತ ಇನ್ಶೂರೆನ್ಸಿನಲ್ಲಿ. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ಅದನ್ನ ಡೀಲರ್ ಹತ್ತಿರವೇ ಮಾಡಿಸಬೇಕು ಅಂತ ಯಾವ ಕಾನೂನೂ ಹೇಳಲ್ಲ. ಹೊರಗಡೆ ಅದೇ ಪಾಲಿಸಿಯ ರೇಟ್ ತಗೊಂಡು ಫೋನಿನಲ್ಲಿ ತೋರಿಸಿ. "ಹೊರಗಡೆ ಮಾಡ್ಸಿದ್ರೆ ಕ್ಯಾಶ್‌ಲೆಸ್ ಬರಲ್ಲ ಸಾರ್" ಅಂತ ಹೆದರಿಸ್ತಾರೆ. ಆ ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿ ಆ ಸರ್ವಿಸ್ ಸೆಂಟರ್ ಇದೆಯಾ ಅಂತ ಮೊದಲೇ ನೋಡ್ಕೊಂಡಿದ್ದರೆ ಹೆದರಬೇಕಾಗಿಲ್ಲ. ನಾನು ನೋಡಿದ ಹಾಗೆ ಆ ಫೋನ್ ತೋರಿಸಿದ ಮೇಲೆ ಮ್ಯಾನೇಜರ್ ಒಳಗಿಂದ ಎದ್ದು ಬರ್ತಾರೆ.

ಸಾಲದಲ್ಲಿ ಇನ್ನೊಂದು ಆಟ. "ಒಂಬತ್ತೇ ಪರ್ಸೆಂಟ್" ಅಂತಾರೆ. ಫ್ಲಾಟಾ, ರೆಡ್ಯೂಸಿಂಗಾ ಕೇಳಿ. ಐದು ವರ್ಷಕ್ಕೆ ಫ್ಲಾಟ್ 9 ಅಂದರೆ ನಿಜವಾದ ಬಡ್ಡಿ ಹತ್ತಿರ ಹತ್ತಿರ 16. ಡೀಲರಿಗೆ ಫೈನಾನ್ಸ್ ಕಂಪನಿಯಿಂದಲೂ ಕಮಿಷನ್ ಬರುತ್ತೆ, ಅದಕ್ಕೇ ನೀವು ಬ್ಯಾಂಕಿಗೆ ಹೋಗ್ತೀನಿ ಅಂದಾಗ ಅವನ ಮುಖ ಸಣ್ಣ ಆಗೋದು.

ಈಗ ನಮ್ಮದೇ ಹಣದ ವಿಷಯ. ಪರಿಶಿಷ್ಟರಿಗೆ ಟ್ಯಾಕ್ಸಿ, ಗೂಡ್ಸ್ ಗಾಡಿ ಕೊಳ್ಳೋಕೆ ಐರಾವತ ಇತ್ತು, ಆಮೇಲೆ ಸ್ವಾವಲಂಬಿ ಸಾರಥಿ ಬಂತು, ಗರಿಷ್ಠ 4 ಲಕ್ಷದವರೆಗೆ ಸಹಾಯಧನ. ಹೋರಾಟದಿಂದ ಬಂದ ದುಡ್ಡು ಇದು. ಕಾರ್ಪೊರೇಷನ್ ಫೈಲು ಮೇಜಿನ ಮೇಲೆ ಇಟ್ಟ ಕೂಡಲೇ ಕೆಲವು ಕಡೆ ಡಿಸ್ಕೌಂಟ್ ಮಾಯ ಆಗೋದನ್ನ ನಾನೇ ಕೂತು ನೋಡಿದ್ದೀನಿ. "ನಿಮ್ಗೆ ಗೌರ್ಮೆಂಟ್ ಕೊಡ್ತದಲ್ಲ, ಇನ್ನೇನು" ಅಂತ ನಗ್ತಾ ಅಂದ ಒಬ್ಬ. ಹುಡುಗ ಹಾಲು ಮಾರಿ, ಕೂಲಿ ಮಾಡಿ ಕಟ್ಟೋ ಪಾಲು ಅದರಲ್ಲಿದೆ, ಬ್ಯಾಂಕ್ ಸಾಲ ಅದರಲ್ಲಿದೆ. ನಮ್ಮ ಸಬ್ಸಿಡಿಯಲ್ಲಿ ಒಂದು ಭಾಗ ಡೀಲರಿನ ಲಾಭಕ್ಕೆ ಹೋದರೆ ಅದನ್ನ ಯಾವ ಬಜೆಟ್ ಪುಸ್ತಕದಲ್ಲಿ ಎಸ್‌ಸಿಎಸ್‌ಪಿ ಖರ್ಚು ಅಂತ ತೋರಿಸ್ತಾರೆ? ಯೋಜನೆಯ ಹೆಸರು ಹೇಳೋ ಮುಂಚೆ ಎರಡು ಮೂರು ಕಡೆ ಸಹಿ, ಸೀಲು ಇರೋ ಕೊಟೇಷನ್ ತಗೊಳ್ಳಿ. ಫೈಲ್ ಆಮೇಲೆ ತೆಗೀರಿ.

2022ರ ಜನವರಿಯಲ್ಲಿ ತುಮಕೂರಿನ ಶೋರೂಮಿನಲ್ಲಿ ನಡೆದಿದ್ದು ಎಲ್ಲರಿಗೂ ನೆನಪಿದೆ. ಗಾಡಿ ನೋಡೋಕೆ ಹೋದ ರೈತ ಯುವಕನ ಬಟ್ಟೆ ನೋಡಿ ಸೇಲ್ಸ್‌ನವನು ಹೀಯಾಳಿಸಿದ, ಅವರು ಒಂದು ಗಂಟೆಯೊಳಗೆ ಹತ್ತು ಲಕ್ಷ ತಂದು ತೋರಿಸಿದರು. ಇಡೀ ರಾಜ್ಯ ಚಪ್ಪಾಳೆ ತಟ್ಟಿತು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಚಪ್ಪಾಳೆ ತಟ್ಟಿದವರಿಗೆ ನನ್ನ ಪ್ರಶ್ನೆ: ಒಂದು ಗಂಟೆಯಲ್ಲಿ ಹತ್ತು ಲಕ್ಷ ಹೊಂದಿಸೋಕೆ ಆಗದವನಿಗೆ ಅವಮಾನ ಆದರೆ ಅದು ಸರೀನಾ? ನಮ್ಮ ಕೇರಿಯಲ್ಲಿ ಹತ್ತು ಮನೆಯ ಬಾಗಿಲು ಬಡಿದರೂ ಒಂದು ಗಂಟೆಯಲ್ಲಿ ಹತ್ತು ಸಾವಿರ ಹುಟ್ಟಲ್ಲ.

ಹಳೇ ಕಾರಿಗೆ ಬರೋಣ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಮನೆ ಬಳಕೆಯ ಮೊದಲನೇ ಕಾರು ಸೆಕೆಂಡ್ ಹ್ಯಾಂಡ್ ಇರಲಿ. ಕರ್ನಾಟಕದ ನೋಂದಣಿಯ ಗಾಡಿ ತಗೊಂಡರೆ ಆ ಸವಾ ಲಕ್ಷ ತೆರಿಗೆಯನ್ನ ಮೊದಲನೇ ಓನರ್ ಕಟ್ಟಿರ್ತಾನೆ, ನಾವು ಮತ್ತೆ ಕಟ್ಟಬೇಕಾಗಿಲ್ಲ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧ ಬಂದ ಮೇಲೆ ಅಲ್ಲಿನ ಗಾಡಿಗಳು ಅಗ್ಗಕ್ಕೆ ಇಲ್ಲಿಗೆ ಬರ್ತವೆ. ಅವನ್ನ ಇಲ್ಲಿ ನೋಂದಾಯಿಸೋಕೆ ಹೋದಾಗ ತೆರಿಗೆ ಮತ್ತೆ ಬೀಳುತ್ತೆ, ಅಗ್ಗ ಅನ್ನೋದು ಅಲ್ಲಿಗೆ ಮುಗೀತು.

ಸೆಕೆಂಡ್ ಹ್ಯಾಂಡ್ ಡೀಲರುಗಳಲ್ಲಿ ಬೋರ್ಡೇ ಇಲ್ಲದ ಬೆಲೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು, ಹೊಸದರ ಬೆಲೆಯೇ ಕಮ್ಮಿ ಆಯಿತು. ಹಾಗಾದ್ರೆ ಹಳೇದರ ಬೆಲೆ ಇವತ್ತಿನ ಹೊಸ ಬೆಲೆಯಿಂದ ಕೆಳಗೆ ಎಣಿಸಬೇಕು, ಅವನು ಕೊಂಡಾಗಿನ ಬಿಲ್ಲಿನಿಂದ ಅಲ್ಲ. "ಜಿಎಸ್‌ಟಿ ಎಕ್ಸ್‌ಟ್ರಾ" ಅಂತ ಪೂರ್ತಿ ಬೆಲೆಯ ಮೇಲೆ ಶೇ 18 ಹಾಕಿದರೆ ಎದ್ದು ಬನ್ನಿ. ನೋಂದಾಯಿತ ಡೀಲರ್ ತೆರಿಗೆ ಕಟ್ಟೋದು ಅವನ ಮಾರ್ಜಿನ್ ಮೇಲೆ ಮಾತ್ರ. ಇಬ್ಬರು ವ್ಯಕ್ತಿಗಳು ನೇರ ಕೊಟ್ಟು ತಗೊಂಡರೆ ಅದೂ ಇಲ್ಲ.

ನಮ್ಮವರು ಇಲ್ಲಿ ಮಾಡೋದು ನೋಡಿದರೆ ನಂಗೆ ಸಿಟ್ಟು ಬರುತ್ತೆ. ಗಾಡಿ ನೋಡೋಕೆ ಹೋಗುವಾಗ ಮರ್ಯಾದೆ ಇರಲಿ ಅಂತ ಊರಿನ ಗೌಡ್ರನ್ನೋ, ಇಸ್ತ್ರಿ ಅಂಗಿ ಹಾಕಿರೋ ಆಫೀಸಿನ ಸಾಹೇಬ್ರನ್ನೋ ಜೊತೆಗೆ ಕರ್ಕೊಂಡು ಹೋಗ್ತಾರೆ. ಯಾಕ್ರಪ್ಪ? ಕಾರಿನ ಹೊಟ್ಟೆಯೊಳಗೆ ಏನಿದೆ ಅಂತ ಈ ರಾಜ್ಯದಲ್ಲಿ ಯಾರಿಗೆ ಗೊತ್ತು? ಡ್ರೈವರುಗಳಿಗೆ, ಮೆಕ್ಯಾನಿಕ್‌ಗಳಿಗೆ, ಟಿಂಕರಿಂಗ್ ಮಾಡೋರಿಗೆ, ವಾಟರ್ ಸರ್ವಿಸಿನ ಹುಡುಗರಿಗೆ. ಅವರಲ್ಲಿ ಎಷ್ಟೋ ಜನ ನಮ್ಮ ಕೇರಿಯವರು, ಮುಸ್ಲಿಂ ಮೊಹಲ್ಲಾದವರು. ಮೀಟರ್ ಹಿಂದಕ್ಕೆ ತಿರುಗಿಸಿರೋದು ಪೆಡಲ್ ರಬ್ಬರಿನ ಸವೆತ ನೋಡಿದರೇ ಆ ಹುಡುಗನಿಗೆ ಅನುಮಾನ ಬರುತ್ತೆ. ಬಾಗಿಲ ಬೀಡಿಂಗ್ ಕಿತ್ತು ವೆಲ್ಡಿಂಗ್ ನೋಡ್ತಾನೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ಕಾರುಗಳು ನೀರಲ್ಲಿ ಮುಳುಗಿದ್ದವಲ್ಲ, ಅಂಥ ಗಾಡಿಯಾ ಅಂತ ಸೀಟ್‌ಬೆಲ್ಟನ್ನ ಕೊನೇವರೆಗೂ ಎಳೆದು ಮಣ್ಣಿನ ಗೆರೆ ಹುಡುಕ್ತಾನೆ. ಇಷ್ಟು ತಿಳಿವಳಿಕೆ ನಮ್ಮ ಪಕ್ಕದ ಮನೆಯಲ್ಲೇ ಮಲಗಿದೆ, ನಾವು ಸಾಹೇಬ್ರ ಹಿಂದೆ ಹೋಗ್ತೀವಿ. ಅವನನ್ನ ಕರ್ಕೊಂಡು ಹೋಗಿ, "ನಮ್ ಹುಡ್ಗ" ಅಂತ ಬಿಟ್ಟಿ ದುಡಿಸಬೇಡಿ, ಅವನ ಒಂದು ದಿನದ ದುಡಿಮೆ ಕೈಗೆ ಕೊಡಿ.

ಕಾಗದದ ವಿಷಯದಲ್ಲಿ ಮಾತ್ರ ಯಾರನ್ನೂ ನಂಬಬೇಡಿ, ನನ್ನನ್ನೂ ಸೇರಿಸಿ. ಗಾಡಿ ನಂಬರ್ ಹಾಕಿ ಪರಿವಾಹನ್‌ನಲ್ಲಿ ಎಷ್ಟನೇ ಓನರ್, ಸಾಲ ಇದೆಯಾ, ದಂಡ ಬಾಕಿ ಇದೆಯಾ ನೋಡಿ. ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ. ಮಾರೋರಿಗೆ ಇದು ಇನ್ನೂ ಮುಖ್ಯ: ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿ ಬ್ರೋಕರಿಗೆ ಗಾಡಿ ಬಿಟ್ಟು ಬರೋ ಚಾಳಿ ನಿಲ್ಲಬೇಕು. ನವೀನ್ ಕುಮಾರ್ ಮೊಕದ್ದಮೆಯಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಗಾಡಿ ಮಾರಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ. ಮೂರನೇ ಕೈಗೆ ಹೋದ ಗಾಡಿ ಯಾರಿಗೋ ಗುದ್ದಿದರೆ ನೋಟಿಸ್ ಬರೋದು ನಿಮ್ಮವ್ವನ ಮನೆ ಬಾಗಿಲಿಗೆ. 2023ರ ಏಪ್ರಿಲ್‌ನಿಂದ ಹಳೇ ಗಾಡಿ ಡೀಲರುಗಳಿಗೆ ಆರ್‌ಟಿಒ ಅಧಿಕಾರ ಪತ್ರ ಬೇಕು, ಗಾಡಿ ಅವರ ಕೈಗೆ ಹೋದದ್ದನ್ನ ಫಾರಂ 29ಸಿಯಲ್ಲಿ ತಿಳಿಸಬೇಕು. "ಆ ಪತ್ರ ತೋರ್ಸಿ" ಅಂತ ಕೇಳಿ ನೋಡಿ, ಎಷ್ಟು ಜನ ಟೀ ತರಿಸ್ತಾರೆ ಅಂತ.

ಕೆಲವು ಹಿರಿಯ ಕಾಮ್ರೇಡರಿಗೂ ಒಂದು ಮಾತು. "ಚಳವಳಿಯವರಿಗೆ ಕಾರ್ಯಾಕೆ, ನಾವು ಕೆಂಪು ಬಸ್ಸಿನಲ್ಲೇ ರಾಜ್ಯ ಸುತ್ತಿದ್ವಿ" ಅಂತ ಆ ತಮ್ಮನ ಫೋಟೊ ಕೆಳಗೆ ಬರೆದಿರಿ. ಸೈಕಲ್ಲಿನಿಂದ ಇಳಿದು ತಳ್ಕೊಂಡು ಹೋಗು ಅಂತ ಅವನಪ್ಪನಿಗೆ ಹೇಳಿದ ಬೀದಿಯಲ್ಲಿ ಅವನು ಅವ್ವನ್ನ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಹೋಗ್ತಿದ್ದಾನೆ. ನಿಮ್ಮ ಸರಳತೆ ನಿಮಗಿರಲಿ. ಇನ್ನು "ಚೌಕಾಸಿ ಮಾಡಿದ್ರೆ ಪಾಪ ಸೇಲ್ಸ್ ಹುಡುಗನ ಹೊಟ್ಟೆ ಮೇಲೆ ಹೊಡೆದಂಗೆ" ಅನ್ನೋರಿಗೆ: ಟೈ ಕಟ್ಕೊಂಡು ನಿಂತಿರೋ ಆ ಹುಡುಗನೂ ಎಷ್ಟೋ ಸಲ ನಮ್ಮವನೇ, ಸಣ್ಣ ಸಂಬಳಕ್ಕೆ ದೊಡ್ಡ ಟಾರ್ಗೆಟ್ ಹೊತ್ತಿರ್ತಾನೆ. ಅವನ ಮೇಲೆ ದನಿ ಏರಿಸಬೇಡಿ. ತಿಂಗಳ ಕೊನೇ ವಾರ ಹೋಗಿ, ಅವನ ಟಾರ್ಗೆಟ್‌ಗೂ ಅನುಕೂಲ, ನಮಗೂ. ನಿಮ್ಮ ಜಗಳ ಏನಿದ್ರೂ ಆ ಕೊಟೇಷನ್ ಹಾಳೆಯ ಜೊತೆ.

ಆ ಹಾಳೆ ಒಬ್ಬೊಬ್ಬರ ಜೇಬಲ್ಲೇ ಮಡಚ್ಕೊಂಡು ಇರೋವರೆಗೂ ಅವರು ಒಬ್ಬರಿಗೊಂದು ಬೆಲೆ ಹೇಳ್ತಾನೇ ಇರ್ತಾರೆ. ಹಾಗಾಗಿ ಒಂದು ಕೆಲಸ ಶುರು ಮಾಡಿದ್ದೀನಿ. ನೀವು ತಗೊಂಡಿರೋ, ತಗೊಳ್ಳೋಕಿರೋ ಕಾರಿನ ಕೊಟೇಷನ್ ಫೋಟೊ ಇನ್‌ಬಾಕ್ಸ್‌ಗೆ ಕಳಿಸಿ. ಹೆಸರು, ಫೋನ್ ನಂಬರ್ ಮುಚ್ಚಿ. ಮಾಡೆಲ್, ಊರು, ತಾರೀಖು, ಕೊನೆಗೆ ಎಷ್ಟಕ್ಕೆ ಮುಗೀತು ಅಷ್ಟು ಕಾಣಲಿ. ಹಳೇ ಗಾಡಿಯಾದರೆ ವರ್ಷ, ಕಿಲೊಮೀಟರ್, ಎಷ್ಟನೇ ಓನರ್ ಅನ್ನೋದೂ ಬರೀರಿ. ಈವರೆಗೆ ಹನ್ನೊಂದು ಬಂದಿವೆ. ಜಿಲ್ಲಾವಾರು ಪಟ್ಟಿ ಮಾಡಿ ಮುಂದಿನ ಭಾನುವಾರ ಇಲ್ಲೇ ಹಾಕ್ತೀನಿ. ಗಾಡಿ ನೋಡೋಕೆ ಜೊತೆಗೆ ಬರೋ ಮೆಕ್ಯಾನಿಕ್ ಗೆಳೆಯರು ತಮ್ಮ ತಾಲ್ಲೂಕಿನ ಹೆಸರು ಕಾಮೆಂಟಿನಲ್ಲಿ ಹಾಕಿ.